ಕಲ್ಲಿನ ಹೆಸರು, ಕಾಗದದ ಎಣಿಕೆ: ಒಂದು ಚಿಕ್ಕ ಗ್ರಾಮದ ಚರಿತ್ರೆ ಮತ್ತು ಜನಸಂಖ್ಯೆ



ಹೈದರಾಬಾದಿನ ಕನ್ನಡಿಗರ ಈ ದತ್ತಿ ಉಪನ್ಯಾಸದಂತಹ ಸಂದರ್ಭಗಳಲ್ಲಿ ಉಪನ್ಯಾಸಕರಾದವರು ಸಾಮ್ರಾಜ್ಯಗಳ ಉದಯಾಸ್ತಗಳನ್ನೋ ಮಹಾಕವಿಗಳ ಕಾವ್ಯಸೌಂದರ್ಯವನ್ನೋ ವಿಷಯವನ್ನಾಗಿ ಆರಿಸಿಕೊಳ್ಳುವುದು ವಾಡಿಕೆ. ನಾನು ಆರಿಸಿಕೊಂಡಿರುವುದು ಒಂದು ಹಳ್ಳಿಯನ್ನು. ಅದರ ಹೆಸರು ಕುರ್ಕ್ಯಾಲ. ಇಂದಿನ ತೆಲಂಗಾಣದ ಕರೀಂನಗರ ಜಿಲ್ಲೆಯ ಗಂಗಾಧರ ಮಂಡಲಕ್ಕೆ ಸೇರಿದ್ದು. ಅಲ್ಲಿನ ಜನರ ನಿತ್ಯದ ಮಾತು ತೆಲುಗು. ಆದರೂ ಕನ್ನಡ ಸಾಹಿತ್ಯವನ್ನು ಓದಿದವರಿಗೆ ಆ ಹೆಸರು ಅಪರಿಚಿತವಲ್ಲ. ಏಕೆಂದರೆ ಆದಿಕವಿ ಪಂಪನ ತಮ್ಮನಾದ ಜಿನವಲ್ಲಭನು ಕೆತ್ತಿಸಿದ ಶಾಸನ ಆ ಊರ ಬಳಿಯ ಬೊಮ್ಮಲಗುಟ್ಟದ ಬಂಡೆಯ ಮೇಲಿದೆ.

ಒಂದು ಗ್ರಾಮದ ಚರಿತ್ರೆ ಎಂದರೇನು, ಅದರ ಜನಸಂಖ್ಯೆ ಎಂದರೇನು, ಈ ಎರಡಕ್ಕೂ ಇರುವ ಸಂಬಂಧವೇನು ಎಂಬ ಪ್ರಶ್ನೆಗಳನ್ನು ಈ ಒಂದು ಊರನ್ನು ನೆಪವಾಗಿಟ್ಟುಕೊಂಡು ತಮ್ಮ ಮುಂದೆ ವಿಚಾರಿಸಬೇಕೆಂದಿದ್ದೇನೆ. ನನ್ನ ಮಾತನ್ನು ನಾಲ್ಕು ಭಾಗಗಳಾಗಿ ಮಾಡಿಕೊಂಡಿದ್ದೇನೆ. ಮೊದಲನೆಯದು, ಗ್ರಾಮದ ನೆಲೆ ಮತ್ತು ಅದರ ಮೇಲೆ ಹಾದುಹೋದ ಆಳ್ವಿಕೆಗಳು. ಎರಡನೆಯದು, ಶಾಸನ ಹೇಳುವ ಜನ. ಮೂರನೆಯದು, ಜನಗಣತಿ ಹೇಳುವ ಜನ. ನಾಲ್ಕನೆಯದು, ಇವೆರಡರ ನಡುವೆ ಉಳಿದುಹೋಗುವ ಜನ ಮತ್ತು ಅವರ ವಿಷಯದಲ್ಲಿ ನಮಗಿರುವ ಕರ್ತವ್ಯ.

ಮೊದಲನೆಯ ಭಾಗಕ್ಕೆ ಬರುತ್ತೇನೆ. ಹತ್ತನೆಯ ಶತಮಾನದಲ್ಲಿ ಈ ಸೀಮೆಯನ್ನು ರಾಷ್ಟ್ರಕೂಟರ ಸಾಮಂತರಾಗಿ ಆಳಿದವರು ವೇಮುಲವಾಡದ ಚಾಲುಕ್ಯರು. ಅವರ ರಾಜಧಾನಿಗೆ ಅಂದು ಲೆಂಬುಳಪಾಟಕವೆಂದು ಹೆಸರು. ತರುವಾಯ ಕಲ್ಯಾಣದ ಚಾಲುಕ್ಯರು, ಕಾಕತೀಯರು, ಬಹು ಕಾಲದ ಮೇಲೆ ಗೋಲ್ಕೊಂಡೆಯ ಕುತುಬ್‌ಶಾಹಿಗಳು, ಆಮೇಲೆ ಅಸಫ್‌ಜಾಹಿ ನಿಜಾಮರು ಇಲ್ಲಿ ಕಂದಾಯವನ್ನೆತ್ತಿದರು. 1865ರ ಸುಮಾರಿಗೆ ದಿವಾನ ಮೊದಲನೆಯ ಸಾಲಾರ್ ಜಂಗರು ಸಂಸ್ಥಾನವನ್ನು ಜಿಲ್ಲೆಗಳಾಗಿ ವಿಂಗಡಿಸಿದ ಜಿಲ್ಲಾಬಂದಿಯ ವ್ಯವಸ್ಥೆಯಲ್ಲಿ ಈ ಸೀಮೆಗೆ ಎಲ್ಗಂದಲ ಜಿಲ್ಲೆಯೆಂದು ಹೆಸರಾಯಿತು. 1905ರಲ್ಲಿ ಅದೇ ಜಿಲ್ಲೆ ಕರೀಂನಗರವಾಯಿತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಭಾಷಾವಾರು ವಿಂಗಡಣೆಯಾದಾಗ ಬೀದರ, ಕಲಬುರಗಿ, ರಾಯಚೂರುಗಳು ಮೈಸೂರು ರಾಜ್ಯಕ್ಕೆ ಹೋದವು, ಕರೀಂನಗರ ಆಂಧ್ರಪ್ರದೇಶಕ್ಕೆ ಸೇರಿತು. 1985ರಲ್ಲಿ ತಾಲ್ಲೂಕುಗಳು ಹೋಗಿ ಮಂಡಲಗಳು ಬಂದವು. 2014ರ ಜೂನ್ 2ರಂದು ತೆಲಂಗಾಣ ರಾಜ್ಯ ಹುಟ್ಟಿತು. 2016ರಲ್ಲಿ ಹಳೆಯ ಕರೀಂನಗರ ಜಿಲ್ಲೆಯೂ ಒಡೆದು ಹಲವು ಜಿಲ್ಲೆಗಳಾಗಿ, ವೇಮುಲವಾಡವು ಒಂದು ಜಿಲ್ಲೆಗೆ, ಕುರ್ಕ್ಯಾಲವು ಇನ್ನೊಂದು ಜಿಲ್ಲೆಗೆ ಸೇರಿಹೋದವು.

ಇಷ್ಟು ಹೆಸರುಗಳನ್ನು ನಾನು ಒಂದೇ ಉಸಿರಿನಲ್ಲಿ ಹೇಳಿದ್ದಕ್ಕೆ ಕಾರಣವಿದೆ. ಊರು ಇದ್ದಲ್ಲಿಯೇ ಇದೆ. ಅದರ ಮೇಲಿನ ಹೆಸರುಗಳು ಮಾತ್ರ ಬದಲಾಗಿವೆ. ಆದಕಾರಣ ಗ್ರಾಮದ ಚರಿತ್ರೆಯನ್ನು ಅರಸುವವನು ಯಾವ ಕಾಲದ ಕಾಗದ ಯಾವ ಹೆಸರಿನ ಕೆಳಗೆ ಅಡಗಿದೆಯೆಂಬುದನ್ನು ಮೊದಲು ಅರಿತಿರಬೇಕು. 1901ರ ಲೆಕ್ಕದಲ್ಲಿ ಕರೀಂನಗರ ಜಿಲ್ಲೆಯೆಂದು ಹುಡುಕಿದರೆ ಆತನಿಗೆ ಏನೂ ಸಿಗದು, ಎಲ್ಗಂದಲವೆಂದು ಹುಡುಕಬೇಕು. ರಾಜರು ಬದಲಾದಾಗ ಗ್ರಾಮದ ನಿತ್ಯಜೀವನ ಎಷ್ಟು ಬದಲಾಗುತ್ತಿತ್ತೆಂಬುದು ಬೇರೆ ಪ್ರಶ್ನೆ. ಸಂಸ್ಥಾನದ ಕಾಲದಲ್ಲಿ ರೈತನ ಕಣ್ಣಿಗೆ ಸರ್ಕಾರವೆಂದರೆ ಮಾಲಿ ಪಟೇಲ, ಪೊಲೀಸ್ ಪಟೇಲ ಮತ್ತು ಪಟವಾರಿ. ಸರ್ವೆ ನಂಬರು, ಕುಳದ ಹೆಸರು, ಬೆಳೆಯ ಅಂದಾಜು, ತೀರುವೆಯ ಬಾಕಿ, ಇವೆಲ್ಲ ಪಟವಾರಿಯ ದಫ್ತರದಲ್ಲಿ ಇರುತ್ತಿದ್ದವು, ಅದಕ್ಕಿಂತ ಹೆಚ್ಚಾಗಿ ಅವನ ನೆನಪಿನಲ್ಲಿ ಇರುತ್ತಿದ್ದವು. ಆಂಧ್ರಪ್ರದೇಶದಲ್ಲಿ ಈ ವಂಶಪಾರಂಪರ್ಯದ ಹುದ್ದೆಗಳು 1984ರಲ್ಲಿ ರದ್ದಾದವು. ಪ್ರಜಾಸತ್ತೆಯ ದೃಷ್ಟಿಯಿಂದ ಅದು ನ್ಯಾಯವಾದ ಕೆಲಸವೇ. ಆದರೆ ಅದರೊಡನೆ ಅನೇಕ ಊರುಗಳ ಹಳೆಯ ದಫ್ತರಗಳು ಹೇಳುವವರೂ ಕೇಳುವವರೂ ಇಲ್ಲದೆ ಮೂಲೆ ಸೇರಿದವೆಂಬುದನ್ನೂ ಒಪ್ಪಿಕೊಳ್ಳಬೇಕು.

ಇನ್ನು ಎರಡನೆಯ ಭಾಗ. ಜಿನವಲ್ಲಭನ ಶಾಸನ ಹತ್ತನೆಯ ಶತಮಾನದ ನಡುಭಾಗದ್ದು. ಅವನ ಅಣ್ಣ ಪಂಪನು ಆದಿಪುರಾಣವನ್ನು ಮುಗಿಸಿದ್ದು ಶಕ 863ರಲ್ಲಿ, ಎಂದರೆ ಕ್ರಿ.ಶ. 941ರಲ್ಲಿ, ವಿಕ್ರಮಾರ್ಜುನ ವಿಜಯವನ್ನು ರಚಿಸಿದ್ದಕ್ಕೆ ದೊರೆ ಎರಡನೆಯ ಅರಿಕೇಸರಿಯು ಅವನಿಗೆ ಧರ್ಮವುರವೆಂಬ ಅಗ್ರಹಾರವನ್ನು ದತ್ತಿಯಾಗಿ ಕೊಟ್ಟನು. ದತ್ತಿ ಉಪನ್ಯಾಸವೊಂದರಲ್ಲಿ ಆ ದತ್ತಿಯನ್ನು ನೆನೆಯುವುದು ಉಚಿತವೆಂದೇ ನನ್ನ ಭಾವನೆ. ಕವಿ ತನ್ನ ಕಾವ್ಯದಲ್ಲಿ ಹೇಳಿಕೊಂಡ ಆ ಸಂಗತಿಯನ್ನು ತಮ್ಮನ ಶಾಸನವೂ ಸಮರ್ಥಿಸುತ್ತದೆ. ಓಲೆಯ ಮೇಲಿನ ಮಾತಿಗೆ ಬಂಡೆಯ ಮೇಲಿನ ಸಾಕ್ಷಿ ದೊರೆಯುವುದು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಅಪರೂಪದ ಭಾಗ್ಯ.

ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಿವೆ. ಅದರಲ್ಲಿರುವ ತೆಲುಗು ಕಂದಪದ್ಯಗಳು ಆ ಭಾಷೆಯ ಅತಿ ಪ್ರಾಚೀನ ಕಂದಗಳೆಂದು ವಿದ್ವಾಂಸರು ಎಣಿಸುತ್ತಾರೆ. 2008ರಲ್ಲಿ ಕನ್ನಡಕ್ಕೂ ತೆಲುಗಿಗೂ ಒಟ್ಟಿಗೆ ಶಾಸ್ತ್ರೀಯ ಸ್ಥಾನಮಾನ ದೊರೆತದ್ದು ತಮಗೆ ತಿಳಿದಿದೆ. ತೆಲುಗಿನ ಪ್ರಾಚೀನತೆಯನ್ನು ಹೇಳುವವರು ತೋರಿಸುವ ಸಾಕ್ಷ್ಯಗಳಲ್ಲಿ ಕನ್ನಡ ಕವಿಯ ಸೋದರನು ಬರೆಸಿದ ಈ ಬಂಡೆಯೂ ಒಂದು. ಇದು ನಮ್ಮದೋ ಅವರದೋ ಎಂಬ ವಾದಕ್ಕೆ ಆ ಕಲ್ಲು ಎಡೆಗೊಡುವುದಿಲ್ಲ. ಅದನ್ನು ಬರೆಸಿದವನಿಗೆ ಎರಡು ಭಾಷೆಗಳೂ ಮನೆಯ ಮಾತಿನಷ್ಟು ಹತ್ತಿರವಾಗಿದ್ದವು. ಓದುವ ಜನರಲ್ಲಿಯೂ ಎರಡನ್ನೂ ಬಲ್ಲವರು ಇದ್ದಿರಲೇಬೇಕು.

ಶಾಸನ ಏನನ್ನು ಹೇಳುತ್ತದೆ? ವೃಷಭಗಿರಿಯೆಂಬ ಆ ಬೆಟ್ಟದಲ್ಲಿ ಜಿನವಲ್ಲಭನು ಜಿನಬಿಂಬಗಳನ್ನೂ ಚಕ್ರೇಶ್ವರಿಯನ್ನೂ ಕಂಡರಿಸಿದನು. ತ್ರಿಭುವನತಿಲಕವೆಂಬ ಬಸದಿಯನ್ನು ಕಟ್ಟಿಸಿದನು. ಕವಿತಾಗುಣಾರ್ಣವವೆಂಬ ಕೆರೆಯನ್ನು ತೋಡಿಸಿದನು. ಮದನವಿಲಾಸವೆಂಬ ತೋಟವನ್ನು ಬೆಳೆಸಿದನು. ಕವಿತಾಗುಣಾರ್ಣವ ಎಂಬುದು ಪಂಪನ ಬಿರುದು. ಕವಿಯ ಬಿರುದನ್ನು ಕೆರೆಗೆ ಇಟ್ಟ ನಾಡು ಅದು. ಬಸದಿ, ಕೆರೆ, ಬನ ಎಂಬ ಮೂರು ಮಾತುಗಳನ್ನು ಒಂದೆಡೆ ಇಟ್ಟು ನೋಡಿದರೆ ಗ್ರಾಮದ ಬಾಳುವೆಯ ಆಕೃತಿಯೇ ಕಣ್ಣಿಗೆ ಕಟ್ಟುತ್ತದೆ. ಕೆರೆಯಿದ್ದರೆ ಅದರ ಕೆಳಗೆ ಗದ್ದೆ ಇರಬೇಕು, ಗದ್ದೆಯಿದ್ದರೆ ಒಕ್ಕಲುಗಳಿರಬೇಕು, ಏರಿಗೆ ಮಣ್ಣು ಹಾಕುವವರು, ತೂಬನ್ನು ಕಾಯುವವರು, ಕಲ್ಲು ಒಡೆಯುವವರು, ಬುಟ್ಟಿ ಹೆಣೆಯುವವರು ಇರಬೇಕು. ಈ ಜನರ ಹೆಸರುಗಳು ಶಾಸನದಲ್ಲಿಲ್ಲ. ಅವರು ಇದ್ದರೆಂಬುದಕ್ಕೆ ಆ ಕೆರೆಯ ಉಲ್ಲೇಖವೇ ಪ್ರಮಾಣ.

ಶಾಸನದಲ್ಲಿರುವ ಹೆಸರುಗಳೂ ನಮಗೆ ಒಂದು ಅಮೂಲ್ಯವಾದ ಪಾಠವನ್ನು ಹೇಳುತ್ತವೆ. ಪಂಪ, ಜಿನವಲ್ಲಭರ ತಂದೆ ಭೀಮಪಯ್ಯ, ಮುತ್ತಾತ ಅಭಿಮಾನಚಂದ್ರ, ಈ ಮನೆತನದ ಮೂಲ ವೆಂಗಿನಾಡಿನ ವಂಗಿಪರ್ರು. ತಾಯಿ ಅಬ್ಬಣಬ್ಬೆ; ಆಕೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಗನ ಮೊಮ್ಮಗಳು. ತಂದೆಯ ಕಡೆ ಕೃಷ್ಣಾತೀರದ ತೆಲುಗು ನಾಡು, ತಾಯಿಯ ಕಡೆ ಇಂದಿನ ಧಾರವಾಡ ಸೀಮೆಯ ಕನ್ನಡ ನಾಡು, ಮಕ್ಕಳು ಬಾಳಿದ್ದು ಇವೆರಡರ ನಡುವೆ ಗೋದಾವರಿಯ ದಕ್ಷಿಣದ ಈ ಸೀಮೆಯಲ್ಲಿ. ಹಳ್ಳಿಯ ಜನ ಹುಟ್ಟಿದ ಮಣ್ಣಿನಲ್ಲಿಯೇ ತಲೆಮಾರುಗಳ ಪರ್ಯಂತ ನೆಟ್ಟ ಮರಗಳಂತೆ ನಿಂತಿದ್ದರೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಈ ಒಂದು ಕುಟುಂಬದ ವಂಶಾವಳಿಯೇ ಆ ಭಾವನೆಯನ್ನು ಅಲ್ಲಗಳೆಯಲು ಸಾಕು. ಹೆಣ್ಣುಮಕ್ಕಳು ಮದುವೆಯಾಗಿ ದೂರದ ಊರು ಸೇರಿದರು, ಪಂಡಿತರು ಆಶ್ರಯವನ್ನರಸಿ ಹೊರಟರು, ಮತವನ್ನು ಬದಲಿಸಿದವರು ಹೊಸ ನೆಲೆ ಹುಡುಕಿದರು. ಗ್ರಾಮದ ಜನಸಂಖ್ಯೆ ಅಂದೂ ಹರಿಯುವ ನೀರೇ.

ಶಾಸನದ ಜನರನ್ನು ಇಲ್ಲಿಗೆ ಬಿಟ್ಟು, ಮೂರನೆಯ ಭಾಗವಾದ ಜನಗಣತಿಗೆ ಬರೋಣ. ಶಾಸನ ಕೆಲವರ ಹೆಸರನ್ನು ಹೇಳಿ ಎಲ್ಲರ ಎಣಿಕೆಯನ್ನು ಬಿಟ್ಟಿತು. ಜನಗಣತಿ ಎಲ್ಲರನ್ನೂ ಎಣಿಸಿ ಹೆಸರುಗಳನ್ನು ಬಿಟ್ಟಿತು. ಹೈದರಾಬಾದ್ ಸಂಸ್ಥಾನದಲ್ಲಿ ಮೊದಲ ಜನಗಣತಿ ನಡೆದದ್ದು 1881ರಲ್ಲಿ, ಹಿಂದೂಸ್ಥಾನದ ಇತರ ಭಾಗಗಳೊಡನೆ. 1931ರವರೆಗೂ ಪದ್ಧತಿ ಹೇಗಿತ್ತೆಂದರೆ, ಗೊತ್ತುಪಡಿಸಿದ ಒಂದೇ ರಾತ್ರಿಯಲ್ಲಿ ಎಲ್ಲ ಊರುಗಳಲ್ಲಿಯೂ ಗಣತಿದಾರರು ಮನೆಮನೆಗೂ ಹೋಗಿ ಯಾರು ಎಲ್ಲಿದ್ದಾರೋ ಅಲ್ಲಿಯೇ ಅವರನ್ನು ಎಣಿಸಬೇಕು. ಹೀಗೆ ದೊರೆತ ಸಂಸ್ಥಾನದ ಮೊತ್ತಗಳನ್ನು ತಮ್ಮ ಮುಂದಿಡುತ್ತೇನೆ: 1881ರಲ್ಲಿ 98,45,594, 1891ರಲ್ಲಿ 1,15,37,040, 1901ರಲ್ಲಿ 1,11,41,142, 1911ರಲ್ಲಿ 1,33,74,676, 1921ರಲ್ಲಿ 1,24,71,770, 1931ರಲ್ಲಿ 1,44,36,148.

ಈ ಸಾಲನ್ನು ಮೇಲಿನಿಂದ ಕೆಳಕ್ಕೆ ನೋಡಿದಾಗ ಎರಡು ಕಡೆ ಕಣ್ಣು ತಡೆದು ನಿಲ್ಲುತ್ತದೆ. 1891ರಿಂದ 1901ರ ಹತ್ತು ವರ್ಷಗಳಲ್ಲಿ ಸಂಸ್ಥಾನದ ಜನ ಸುಮಾರು 4 ಲಕ್ಷದಷ್ಟು ಕಡಿಮೆಯಾದರು. ಅದು 1899–1900ರ ಮಹಾಕ್ಷಾಮವೂ ಸೇರಿದ ದಶಕ. 1911ರಿಂದ 1921ರ ಹತ್ತು ವರ್ಷಗಳಲ್ಲಿ 9 ಲಕ್ಷಕ್ಕೂ ಮಿಕ್ಕಿ ಕಡಿಮೆಯಾದರು. ಅದು ಪ್ಲೇಗಿನ ಬೆನ್ನಿಗೆ 1918ರ ಇನ್‌ಫ್ಲುಯೆಂಜಾ ಜ್ವರ ಬಂದ ದಶಕ. ಆ ಒಂಬತ್ತು ಲಕ್ಷ ಎಂಬ ಅಂಕಿಯನ್ನು ಹಳ್ಳಿಯ ಮಟ್ಟಕ್ಕೆ ಇಳಿಸಿ ನೋಡಬೇಕು. 1901ರಲ್ಲಿ ಸಂಸ್ಥಾನದಲ್ಲಿ ಸುಮಾರು 20,000 ಗ್ರಾಮಗಳಿದ್ದವು. ಪಟ್ಟಣಗಳನ್ನು ಬಿಟ್ಟರೆ ಹಳ್ಳಿಯೊಂದಕ್ಕೆ ಸರಾಸರಿ ಐನೂರು ಜನ. ಕಡಿಮೆಯಾದ ಒಂಬತ್ತು ಲಕ್ಷವನ್ನು ಅಷ್ಟು ಗ್ರಾಮಗಳಿಗೆ ಹಂಚಿದರೆ ಊರೊಂದಕ್ಕೆ ನಲವತ್ತೈದು ಜನ. ಅದೂ ಹುಟ್ಟಿದವರನ್ನೆಲ್ಲ ಕೂಡಿಸಿಕೊಂಡ ಮೇಲೆ ಉಳಿದ ಕೊರತೆ. ಕಣ್ಮರೆಯಾದವರು ಅದಕ್ಕಿಂತ ಎಷ್ಟೋ ಹೆಚ್ಚು. ಐನೂರು ಜನರ ಊರಿನಲ್ಲಿ ಪ್ರತಿಯೊಬ್ಬನಿಗೂ ಪ್ರತಿಯೊಬ್ಬರ ಗುರುತಿರುತ್ತದೆ. ಅಲ್ಲಿ ಅಷ್ಟು ಜನ ಇಲ್ಲವಾದರೆ ಯಾವ ಮನೆಯ ಬಾಗಿಲು ಮುಚ್ಚಿತು, ಯಾವ ಹೊಲ ಬೀಳುಬಿದ್ದಿತು, ಯಾವ ಮಗು ಯಾರ ಮಡಿಲಲ್ಲಿ ಬೆಳೆಯಿತು ಎಂಬುದೆಲ್ಲ ಆ ಊರ ಚರಿತ್ರೆಯೇ ಅಲ್ಲವೇ? ಜನಗಣತಿ ಅದನ್ನು ಬರೆಯದು. ಆದರೆ ಎಲ್ಲಿ ಹುಡುಕಬೇಕೆಂಬುದನ್ನು ಮಾತ್ರ ಅದು ನಿಷ್ಠೆಯಿಂದ ತೋರಿಸುತ್ತದೆ.

ಇನ್ನೊಂದು ಉದಾಹರಣೆ ಇತ್ತೀಚಿನದು. 2011ರ ಗಣತಿಯಲ್ಲಿ ಅಂದಿನ ಅವಿಭಕ್ತ ಕರೀಂನಗರ ಜಿಲ್ಲೆಯ ಜನಸಂಖ್ಯೆ 37,76,269. ಸಾವಿರ ಗಂಡಸರಿಗೆ ಅಲ್ಲಿ 1,008 ಹೆಂಗಸರು. ಪಕ್ಕದ ನಿಜಾಮಾಬಾದಿನಲ್ಲಿ 1,040. ದೇಶದ ಬಹುತೇಕ ಕಡೆ ಹೆಂಗಸರ ಸಂಖ್ಯೆ ಗಂಡಸರಿಗಿಂತ ಕಡಿಮೆಯಿರುವಾಗ ಇಲ್ಲಿ ಹೆಚ್ಚಿರುವುದೇಕೆ? ಇದಕ್ಕೆ ಒಂದೇ ಕಾರಣವನ್ನು ಹೇಳುವುದು ಸರಿಯಾಗದು. ಆದರೆ ಆ ಸೀಮೆಯ ಹಳ್ಳಿಗಳಲ್ಲಿ ಎರಡು ದಿನ ತಿರುಗಿದವರಿಗೆ ಒಂದು ಕಾರಣ ತಾನಾಗಿಯೇ ಗೋಚರವಾಗುತ್ತದೆ. ಗಂಡಸರು ಮುಂಬಯಿ, ಭಿವಂಡಿಗಳ ಮಗ್ಗಗಳಿಗೂ ದುಬೈ, ಮಸ್ಕತ್‌ಗಳ ಕೂಲಿಗೂ ಹೋಗಿದ್ದಾರೆ. ಹೆಂಗಸರು ಮೊರದಲ್ಲಿ ಎಲೆಯನ್ನೂ ತಂಬಾಕನ್ನೂ ಇಟ್ಟುಕೊಂಡು ಬೀಡಿ ಸುತ್ತುತ್ತಾ ಮನೆ ನಡೆಸುತ್ತಿದ್ದಾರೆ. ಜಿನವಲ್ಲಭನ ಮನೆತನ ವೆಂಗಿಯಿಂದ ಬಂದ ದಾರಿಯೂ ಇವರು ಕೊಲ್ಲಿಗೆ ಹೋಗುವ ದಾರಿಯೂ ಬೇರೆ ಬೇರೆಯಾದರೂ, ಊರೆಂಬುದು ಬರುವವರಿಂದಲೂ ಹೋಗುವವರಿಂದಲೂ ಆದದ್ದೆಂಬ ಮಾತು ಎರಡಕ್ಕೂ ಸಲ್ಲುತ್ತದೆ. 2011ರ ನಂತರ ಹತ್ತು ವರ್ಷಕ್ಕೆ ನಡೆಯಬೇಕಾಗಿದ್ದ ಗಣತಿ 2021ರಲ್ಲಿ ನಡೆಯಲಿಲ್ಲ. ಮಹಾಮಾರಿಯ ವರ್ಷಗಳು ಹಳ್ಳಿಗಳಿಂದ ಏನನ್ನು ಕಸಿದುಕೊಂಡವೆಂಬುದಕ್ಕೆ ಗ್ರಾಮವಾರು ಗಣತಿಯ ಲೆಕ್ಕ ಆ ಹೊತ್ತಿನಲ್ಲಿ ಸಿಗಲಿಲ್ಲ. ಎಣಿಕೆಯ ಬೆಲೆ ಅದು ಇಲ್ಲದಿರುವಾಗ ತಿಳಿಯುತ್ತದೆ.

ಈಗ ನಾಲ್ಕನೆಯ, ಕೊನೆಯ ಭಾಗ. ಕಲ್ಲು ಬಿಟ್ಟುದನ್ನೂ ಕಾಗದ ಬಿಟ್ಟುದನ್ನೂ ಕೂಡಿಸುವವರು ಯಾರು? ಹೈದರಾಬಾದ್ ನಗರಕ್ಕೆ ಈ ವಿಷಯದಲ್ಲಿ ಒಂದು ಒಳ್ಳೆಯ ಪರಂಪರೆಯಿದೆ. ಎಸ್. ಕೇಶವ ಅಯ್ಯಂಗಾರರು 1929–30ರಲ್ಲಿ ಸಂಸ್ಥಾನದ ಹಳ್ಳಿಗಳ ಆರ್ಥಿಕ ಸ್ಥಿತಿಯನ್ನು ವಿಚಾರಿಸಿ ಸಂಪುಟಗಳನ್ನು ಹೊರತಂದರು. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿದ್ದ ಎಸ್. ಸಿ. ದುಬೆಯವರು 1951ರ ಸುಮಾರಿಗೆ ತಮ್ಮ ಸಹೋದ್ಯೋಗಿಗಳೊಡನೆ ಈ ನಗರಕ್ಕೆ ಸಮೀಪದ ಶಾಮೀರಪೇಟೆಯಲ್ಲಿ ನೆಲೆನಿಂತು, ಸುಮಾರು ಎರಡೂವರೆ ಸಾವಿರ ಜನರಿದ್ದ ಆ ಗ್ರಾಮದ ಜಾತಿ, ಕುಟುಂಬ, ಹಬ್ಬ, ಬೇಸಾಯ, ಜಗಳ, ಕನಸುಗಳನ್ನೆಲ್ಲ ಕಂಡು ಕೇಳಿ ಬರೆದ ಗ್ರಂಥ 1955ರಲ್ಲಿ ಪ್ರಕಟವಾಗಿ ದೇಶಾಂತರಗಳಲ್ಲಿ ಮನ್ನಣೆ ಪಡೆಯಿತು. ಇಂದು ಶಾಮೀರಪೇಟೆಯ ಹತ್ತಿರ ಹೊರವರ್ತುಲ ರಸ್ತೆ ಹಾದುಹೋಗಿದೆ. ದುಬೆಯವರು ಕಂಡ ಊರನ್ನು ಕಾಣಬೇಕಾದವರು ಈಗ ಆ ಪುಸ್ತಕವನ್ನೇ ತೆರೆಯಬೇಕು. ನಮ್ಮ ಮೈಸೂರಿನ ಎಂ. ಎನ್. ಶ್ರೀನಿವಾಸರ ಕಥೆಯೂ ತಮಗೆ ತಿಳಿದದ್ದೇ. ಅವರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿದ್ದು ಬರೆದುಕೊಂಡ ವಿಷಯಗಳನ್ನು ವರ್ಷಗಟ್ಟಲೆ ಪರಿಷ್ಕರಿಸಿ ಮಾಡಿದ ಪ್ರತಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಆಹುತಿಯಾದಾಗ, ಎದೆಗುಂದದೆ ನೆನಪಿನ ಬಲದಿಂದಲೇ ಆ ಊರಿನ ಪುಸ್ತಕವನ್ನು ಬರೆದು 1976ರಲ್ಲಿ ಪ್ರಕಟಿಸಿದರು.

ಅವರು ವಿದ್ವಾಂಸರು, ಅವರಿಗೆ ಸಾಧ್ಯವಾಯಿತು, ನಮಗೆ ಹೇಗೆ ಎಂದು ತಾವು ಕೇಳಬಹುದು. ಒಂದು ಸ್ವಂತದ ಸಂಗತಿಯನ್ನು ಹೇಳಲು ಅಪ್ಪಣೆ ಬೇಡುತ್ತೇನೆ. ನಮ್ಮ ಮನೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಒಂದು ಕಟ್ಟು ಕಾಗದಗಳಿದ್ದವು, ಎಲ್ಲವೂ ಉರ್ದುವಿನಲ್ಲಿ. ನಮ್ಮ ತಂದೆ ಅವನ್ನು ಸರಾಗವಾಗಿ ಓದುತ್ತಿದ್ದರು. ಆ ಕಾಲದ ಹೈದರಾಬಾದ್ ಕರ್ನಾಟಕದ ಕನ್ನಡಿಗರು ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಉರ್ದು ಕಲಿತವರು. ಯಾವ ಹೊಲ ಯಾರಿಂದ ಬಂತು, ಯಾವ ಬಾವಿಗೆ ಯಾರು ಪಾಲುದಾರರು ಎಂಬುದನ್ನು ಅವರು ಓದಿ ಹೇಳುವಾಗ ನಾನು ಕೇಳಿಸಿಕೊಂಡೆನೇ ಹೊರತು ಬರೆದಿಟ್ಟುಕೊಳ್ಳಲಿಲ್ಲ. ಅವರು ತೀರಿಕೊಂಡ ಮೇಲೆ ಆ ಕಾಗದಗಳು ನಮ್ಮ ಮನೆಯಲ್ಲಿ ಯಾರಿಗೂ ತಿಳಿಯದ ಬರಹವಾಗಿ ಉಳಿದವು. ಸಾವಿರ ವರ್ಷದ ಹಿಂದಿನ ಜಿನವಲ್ಲಭನ ಕನ್ನಡವನ್ನು ತಡೆತಡೆದಾದರೂ ಓದಬಲ್ಲ ನಾನು ನನ್ನ ಅಜ್ಜನ ಕಾಗದವನ್ನು ಓದಲಾರೆ. ಈ ಕೊರಗೇ ನನ್ನನ್ನು ಇಂದಿನ ವಿಷಯಕ್ಕೆ ತಂದು ನಿಲ್ಲಿಸಿತು.

ಉರ್ದು ಬಲ್ಲ ಆ ತಲೆಮಾರಿನ ಕನ್ನಡಿಗರು ಈ ನಗರದಲ್ಲಿ ಇನ್ನೂ ಕೆಲವರಿದ್ದಾರೆ. ಈ ಸಭೆಯಲ್ಲಿಯೂ ಇದ್ದಾರೆ. ತಾರ್ನಾಕದ ರಾಜ್ಯ ಪತ್ರಾಗಾರದಲ್ಲಿ ಮೊಗಲರ ಕಾಲದಿಂದ ಹಿಡಿದು ಸಂಸ್ಥಾನದ ಕಾಲದವರೆಗಿನ ಫಾರ್ಸಿ, ಉರ್ದು ದಾಖಲೆಗಳಿವೆ. 1951ರಿಂದೀಚಿನ ಜಿಲ್ಲಾ ಗಣತಿ ಕೈಪಿಡಿಗಳಲ್ಲಿ ಊರೂರಿನ ಲೆಕ್ಕ ಅಚ್ಚಾಗಿದೆ. 1961ರ ಜನಗಣತಿಯ ಅಂಗವಾಗಿ ಆಯ್ದ ಹಳ್ಳಿಗಳ ಬಗೆಗೆ ಪ್ರತ್ಯೇಕ ಪುಸ್ತಕಗಳೇ ಬಂದಿವೆ. ಸಾಮಗ್ರಿಯ ಕೊರತೆಯಿಲ್ಲ. ಓದಬಲ್ಲವರು ಇರುವಾಗಲೇ ಓದಿಸಿಕೊಳ್ಳುವ ಮನಸ್ಸು ಬೇಕು. ಬೊಮ್ಮಲಗುಟ್ಟದ ಸುತ್ತಣ ಸೀಮೆ ಗ್ರಾನೈಟ್ ಗಣಿಗಳ ಸೀಮೆ. ಒಮ್ಮೆ ಆ ಗುಡ್ಡಕ್ಕೂ ಗಣಿಯ ಭಯ ತಟ್ಟಿತ್ತು. ಬಂಡೆಗೆ ಅಳಿವಿರುವಾಗ ಪೆಟ್ಟಿಗೆಯೊಳಗಿನ ಕಾಗದದ ಆಯುಸ್ಸನ್ನು ಹೇಳಬೇಕಾದುದಿಲ್ಲ.

ಆದುದರಿಂದ ಮಹನೀಯರಲ್ಲಿ ನನ್ನ ಅರಿಕೆ ಇಷ್ಟೇ. ನಮ್ಮಲ್ಲಿ ಬಹುಮಂದಿಗೆ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳಗಳ ಕಡೆ ಒಂದು ಹುಟ್ಟೂರಿದೆ. ಮುಂದಿನ ಸಾರಿ ಜಾತ್ರೆಗೋ ಮದುವೆಗೋ ಹೋದಾಗ ಒಂದು ದಿನ ಹೆಚ್ಚು ನಿಲ್ಲಿರಿ. ಊರ ಮುಂದಿನ ವೀರಗಲ್ಲನ್ನು ನೋಡಿ ಬರೆದುಕೊಳ್ಳಿರಿ. ಹೊಲಗಳ ಹೆಸರು, ಬಾವಿಗಳ ಹೆಸರು, ಓಣಿಗಳ ಹೆಸರನ್ನು ಪಟ್ಟಿ ಮಾಡಿರಿ. ಯಾವ ಮನೆತನ ಎಲ್ಲಿಂದ ಬಂದಿತು, ಯಾವುದು ಎಲ್ಲಿಗೆ ಹೋಯಿತೆಂದು ಹಿರಿಯರನ್ನು, ಅದರಲ್ಲಿಯೂ ಸೊಸೆಯರಾಗಿ ಬಂದು ಅಜ್ಜಿಯರಾದವರನ್ನು, ಕೇಳಿರಿ. ಗಣತಿಯ ಹಳೆಯ ಅಂಕಿಗಳನ್ನು ತೆಗೆದು ಎಲ್ಲಿ ಇಳಿದಿದೆ, ಎಲ್ಲಿ ಏರಿದೆಯೆಂದು ಗುರುತಿಸಿ ಕಾರಣವನ್ನು ವಿಚಾರಿಸಿರಿ. ಕೆರೆ ಕಟ್ಟಿಸಿದವನ ಹೆಸರಿನೊಡನೆ ಕೆರೆಗೆ ಮಣ್ಣು ಹೊತ್ತವರ ಕೇರಿಯ ಹೆಸರನ್ನೂ ತಪ್ಪದೆ ಬರೆಯಿರಿ. ಇದಕ್ಕೆ ಪಾಂಡಿತ್ಯ ಬೇಕಾಗಿಲ್ಲ. ಒಂದು ನೋಟುಪುಸ್ತಕವೂ ತಾಳ್ಮೆಯೂ ಸಾಕು. ಅಂತಹ ಬರವಣಿಗೆಯ ಹತ್ತು ಪುಸ್ತಕಗಳು ಈ ನಗರದ ಕನ್ನಡಿಗರಿಂದ ಬಂದರೆ, ಈ ದತ್ತಿಯನ್ನಿಟ್ಟ ಹಿರಿಯರ ಸಂಕಲ್ಪ ಸಾರ್ಥಕವಾಯಿತೆಂದು ನಾನು ಭಾವಿಸುತ್ತೇನೆ.

ನಿಮ್ಮ ಮನೆಯಲ್ಲಿ ಉರ್ದು ಕಾಗದಗಳಿದ್ದು ಅವನ್ನು ಓದಬಲ್ಲ ಹಿರಿಯರೊಬ್ಬರು ಇನ್ನೂ ಇದ್ದರೆ, ಇಂದು ರಾತ್ರಿಯೇ ಅವರ ಬಳಿ ಕುಳಿತುಕೊಳ್ಳಿರಿ.